ದೇಶ ಹೆಣ್ಣು, ಹಡಗು ಗಂಡು

ಐರ್ಲೆಂಡಿನ ನೌಕಾಪಡೆ ದೊಡ್ಡದೇನಲ್ಲ. ಇರುವುದು ಬೆರಳೆಣಿಕೆಯಷ್ಟು ಹಡಗು. ಅವುಗಳಲ್ಲೂ ಕೆಲವು ಆಗಾಗ ಸಿಬ್ಬಂದಿ ಸಾಲದೆ ಬಂದರಿನಲ್ಲೇ ನಿಂತಿರುತ್ತವೆ. ಆದರೆ ಹೆಸರಿಡುವುದರಲ್ಲಿ ಆ ಪಡೆಗೆ ಒಂದು ಸಂಪ್ರದಾಯವಿತ್ತು. ಹಡಗಿಗೆ ಪುರಾಣದ ಹೆಣ್ಣುಮಕ್ಕಳ ಹೆಸರು ಇಡುತ್ತಿದ್ದರು. ಡಿಯರ್ಡ್ರಾ, ಈಮರ್, ಈಫಾ, ಆಶ್ಲಿಂಗ್, ನೀವ್, ರೋಶೀನ್. ಕೇಳಲು ಎಷ್ಟು ಚೆಂದ.

ಹನ್ನೆರಡು ಹದಿಮೂರು ವರ್ಷದ ಹಿಂದೆ ಅಲ್ಲಿ ಯಾರಿಗೋ ಒಂದು ಯೋಚನೆ ಹೊಳೆಯಿತು. ನಮ್ಮದು ಸಾಹಿತಿಗಳ ನಾಡು, ಹೊಸ ಹಡಗುಗಳಿಗೆ ಸಾಹಿತಿಗಳ ಹೆಸರನ್ನೇ ಇಟ್ಟರೆ ಹೇಗೆ? ತುಂಬಾ ಒಳ್ಳೆಯ ಯೋಚನೆ. 2014ರಲ್ಲಿ ಸ್ಯಾಮ್ಯುಯೆಲ್ ಬೆಕೆಟ್ ಸೇವೆಗೆ ಸೇರಿದರು. 2015ರಲ್ಲಿ ಜೇಮ್ಸ್ ಜಾಯ್ಸ್, 2016ರಲ್ಲಿ ಯೇಟ್ಸ್, 2019ರಲ್ಲಿ ಬರ್ನಾರ್ಡ್ ಶಾ. ತಲಾ ತೊಂಬತ್ತು ಮೀಟರ್ ಉದ್ದದ ನಾಲ್ಕು ಗಂಡಸರು.

ಅದೇ ಹೊತ್ತಿಗೆ ಈಮರ್, ಈಫಾ, ಆಶ್ಲಿಂಗ್ ಒಬ್ಬೊಬ್ಬರಾಗಿ ನಿವೃತ್ತರಾದರು. ಅವರ ಜಾಗಕ್ಕೇ ಇವರು ಬಂದಿದ್ದು. ಆಶ್ಲಿಂಗ್ ಕತೆಯನ್ನಂತೂ ಹೇಳಲೇಬೇಕು. ಹಳೆಯ ಐರಿಷ್ ಕಾವ್ಯದಲ್ಲಿ ಆಶ್ಲಿಂಗ್ ಅಂತ ಒಂದು ಪ್ರಕಾರವೇ ಇದೆ. ಕವಿ ಮಲಗಿರುತ್ತಾನೆ, ಕನಸಿನಲ್ಲಿ ಐರ್ಲೆಂಡ್ ದೇಶವೇ ಸುಂದರಿಯ ರೂಪದಲ್ಲಿ ಬಂದು ತನ್ನ ದುಃಖ ತೋಡಿಕೊಳ್ಳುತ್ತಾಳೆ. ಇಂಥ ಪವಿತ್ರ ಹೆಸರಿನ ಹಡಗನ್ನು 2017ರಲ್ಲಿ 1,10,000 ಯೂರೋಗೆ ಹರಾಜು ಹಾಕಿದರು. ಅದು ಕೈಯಿಂದ ಕೈಗೆ ಹೋಗಿ, ಕೊನೆಗೆ ಲಿಬಿಯಾದ ಒಬ್ಬ ಸೇನಾನಾಯಕನ ಯುದ್ಧನೌಕೆಯಾಯಿತು. ಕವಿಗಳ ಕನಸಿನ ಕನ್ಯೆ ಈಗ ಅಲ್ಲಿ ತುಪಾಕಿ ಹಿಡಿದು ಕಾವಲು ಕಾಯುತ್ತಾಳೆ. ಪುರುಷ ಕವಿಗಳನ್ನು ನಂಬಿದರೆ ಹೀಗೇ ಆಗೋದು.

ಇನ್ನು ಆ ನಾಲ್ವರ ಬಗ್ಗೆ. ಜಾಯ್ಸ್ ಯೌವನದಲ್ಲೇ ಐರ್ಲೆಂಡ್ ಬಿಟ್ಟು ಹೋದವರು. 1941ರಲ್ಲಿ ಜೂರಿಕ್‌ನಲ್ಲಿ ತೀರಿಕೊಂಡರು. ಹೆಣವನ್ನಾದರೂ ಊರಿಗೆ ತರೋಣ ಅಂತ ಹೆಂಡತಿ ನೋರಾ ಕೇಳಿದರೆ ಸರ್ಕಾರ ಒಪ್ಪಲಿಲ್ಲ. ಮನುಷ್ಯನನ್ನು ಒಳಗೆ ಬಿಡದ ಅದೇ ಕರಾವಳಿಯನ್ನು ಈಗ ಆತನ ಹೆಸರಿನ ಹಡಗು ಕಾಯುತ್ತದೆ. ಯೇಟ್ಸ್ ಅದೃಷ್ಟವಂತರು. ಫ್ರಾನ್ಸ್‌ನಲ್ಲಿ ಸತ್ತ ಅವರ ಅಸ್ಥಿಯನ್ನು 1948ರಲ್ಲಿ ನೌಕಾಪಡೆಯೇ ಹೋಗಿ ತಂದಿತು. ಆ ಮೂಳೆಗಳು ನಿಜಕ್ಕೂ ಅವರದ್ದೇನಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ, ಅದಿರಲಿ. ತಂದ ಹಡಗಿನ ಹೆಸರು ಮಾಖಾ. ಅದೂ ಒಬ್ಬ ದೇವತೆಯ ಹೆಸರು. ಹೊತ್ತು ತರುವುದಕ್ಕೆ ಹೆಣ್ಣು, ಹೆಸರು ಬರೆಸಿಕೊಳ್ಳುವುದಕ್ಕೆ ಗಂಡು.

‘ಒಬ್ಬಳಾದರೂ ಲೇಖಕಿ ಸಿಗಲಿಲ್ಲವೇ?’ ಅಂತ ಕೇಳಿದವರಿದ್ದಾರೆ. ಅವರಿಗೆ ಕಾನೂನು ಗೊತ್ತಿಲ್ಲ. 1937ರ ಐರಿಷ್ ಸಂವಿಧಾನದ 41ನೇ ವಿಧಿ ನೋಡಿ. ಹೆಣ್ಣು ಮನೆಯೊಳಗಿನ ತನ್ನ ಬದುಕಿನಿಂದ ದೇಶಕ್ಕೆ ಆಸರೆ ಕೊಡುತ್ತಾಳೆ ಎಂದು ಅಲ್ಲಿ ಬರೆದಿದೆ. ಇದನ್ನು ಬದಲಿಸೋಣ ಅಂತ 2024ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಜನಮತ ಕೇಳಿದರು. ಸರ್ಕಾರ ತಂದ ಬದಲಿ ವಾಕ್ಯ ಎಷ್ಟು ಕಳಪೆಯಾಗಿತ್ತೆಂದರೆ ಸ್ತ್ರೀವಾದಿಗಳಲ್ಲೂ ಹಲವರು ಬೇಡ ಅಂದರು. ಸುಮಾರು ಶೇ. 74ರಷ್ಟು ಮತ ವಿರೋಧವಾಗಿ ಬಿತ್ತು. ಹಾಗಾಗಿ ವಿಧಿ ಇದ್ದ ಜಾಗದಲ್ಲೇ ಇದೆ. ಮನೆಯಲ್ಲಿರಬೇಕಾದವಳ ಹೆಸರನ್ನು ಸಮುದ್ರಕ್ಕೆ ಬಿಟ್ಟರೆ ಸಂವಿಧಾನ ವಿರೋಧಿ ಆಗಲ್ವಾ? ದೇವತೆಗಳ ಮಾತು ಬೇರೆ. ಅವರಿಗೆ ಅಡುಗೆಮನೆ ಇಲ್ಲ.

ಒಂದು ಮಾತನ್ನು ಒಪ್ಪಬೇಕು. ಐರ್ಲೆಂಡ್ ಹೆಣ್ಣನ್ನು ಎಲ್ಲ ಕಡೆ ಇಟ್ಟಿದೆ. ಡಬ್ಲಿನ್ ನಡುವೆ ಹರಿಯುವ ಲಿಫಿ ನದಿ ಹೆಣ್ಣು, ಆಕೆಯ ಹೆಸರು ಆನಾ ಲಿವಿಯಾ. ಅವಳ ಮೇಲೆ ಕಟ್ಟಿದ ಸೇತುವೆಗಳ ಹೆಸರು ಜೇಮ್ಸ್ ಜಾಯ್ಸ್, ಷಾನ್ ಓಕೇಸಿ, ಸ್ಯಾಮ್ಯುಯೆಲ್ ಬೆಕೆಟ್. ಈಗಿರುವ ಸೇತುವೆ ಹೆಸರುಗಳ ಸಾಲಿಗೆ ಒಬ್ಬ ಹೆಣ್ಣಿನ ಹೆಸರು ಸೇರಲು 2014 ಆಗಬೇಕಾಯಿತು. ಆಕೆ ರೋಸಿ ಹ್ಯಾಕೆಟ್, ಕಾರ್ಮಿಕ ಸಂಘದ ನಾಯಕಿ. ಲೇಖಕಿಯಲ್ಲ, ಗಾಬರಿಯಾಗಬೇಡಿ.

ಹೆಂಗಸಿನ ಪ್ರತಿಮೆಯೂ ಇದೆ. ಊರಿಗೇ ಪ್ರಸಿದ್ಧವಾದದ್ದು ಮಾಲಿ ಮಲೋನ್ ಪ್ರತಿಮೆ. ಕೈಗಾಡಿ ತಳ್ಳುತ್ತಾ ಚಿಪ್ಪುಮೀನು ಮಾರುವ ಹುಡುಗಿ. ಇಂಥವಳೊಬ್ಬಳು ಇದ್ದಳೋ ಇಲ್ಲವೋ ಗೊತ್ತಿಲ್ಲ, ಹಾಡೊಂದರಲ್ಲಿ ಬರುತ್ತಾಳೆ ಅಷ್ಟೇ. ಪ್ರವಾಸಿಗರು ಅವಳ ಎದೆ ಮುಟ್ಟಿ ಮುಟ್ಟಿ ಅಲ್ಲಿನ ಕಂಚಿನ ಬಣ್ಣವೇ ಹೋಗಿದೆ. ಮುಟ್ಟಿದರೆ ಅದೃಷ್ಟ ಅಂತ ಯಾರೋ ಹಬ್ಬಿಸಿದ್ದಾರೆ. 2025ರಲ್ಲಿ ನಗರಸಭೆ ಕೆಲವು ದಿನ ಕಾವಲಿಗೆ ಜನರನ್ನು ನಿಲ್ಲಿಸಿ, ‘ದಯವಿಟ್ಟು ಮುಟ್ಟಬೇಡಿ’ ಅಂತ ಹೇಳಿಸಬೇಕಾಯಿತು. ಅದೇ ಊರಿನಲ್ಲಿ ಜಾಯ್ಸ್ ಊರುಗೋಲು ಹಿಡಿದು, ಕವಿ ಪ್ಯಾಟ್ರಿಕ್ ಕವನಾ ಬೆಂಚಿನ ಮೇಲೆ ಕೂತು ಆರಾಮಾಗಿದ್ದಾರೆ. ಅವರನ್ನು ಮುಟ್ಟಿದರೆ ಯಾವ ಅದೃಷ್ಟವೂ ಇಲ್ಲ, ಪಾಪ.

ಈವಾನ್ ಬೋಲಂಡ್ ಎಂಬ ಕವಯಿತ್ರಿ ಜೀವನವಿಡೀ ಇದನ್ನೇ ಹೇಳಿದರು. ನಮ್ಮ ಕಾವ್ಯದಲ್ಲಿ ಹೆಣ್ಣು ಅಂದರೆ ದೇಶ, ರಾಣಿ, ಅಳುವ ತಾಯಿ. ಪದ್ಯದೊಳಗಿನ ವಸ್ತುವಾಗಿದ್ದವರು ಈಗ ಪದ್ಯ ಬರೆಯುವವರಾಗಿದ್ದೇವೆ, ಸ್ವಲ್ಪ ಸರಿದು ಕೂತ್ಕೊಳ್ಳಿ ಎನ್ನುವುದು ಅವರ ವಾದದ ಸಾರ. ಸರಿಯುವವರು ಯಾರು?

ಇದಕ್ಕೆ ಹಳೆಯ ಉದಾಹರಣೆ 1902ರ ಒಂದು ನಾಟಕ. ದೇಶವೇ ಮುದುಕಿಯಾಗಿ ಬಂದು ಮನೆ ಬಾಗಿಲು ತಟ್ಟುತ್ತಾಳೆ. ಮದುವೆ ಗೊತ್ತಾದ ಹುಡುಗ ಅವಳ ಹಿಂದೆ ಹೋರಾಟಕ್ಕೆ ಹೊರಡುತ್ತಾನೆ. ಮುದುಕಿ ರಾಣಿಯಾಗುತ್ತಾಳೆ. ಕರ್ತೃ ಯೇಟ್ಸ್ ಅಂತ ಅಚ್ಚಾಯಿತು. ಮಾತುಗಳಲ್ಲಿ ಹೆಚ್ಚಿನ ಪಾಲು ಬರೆದವರು ಲೇಡಿ ಗ್ರೆಗರಿ ಅಂತ ವಿದ್ವಾಂಸರು ಹಸ್ತಪ್ರತಿ ನೋಡಿ ಆಮೇಲೆ ಒಪ್ಪಿಕೊಂಡರು. ಅಂದರೆ ನಾಟಕದೊಳಗೆ ದೇಶ ಹೆಂಗಸು, ನಾಟಕ ಬರೆದವಳು ಹೆಂಗಸು, ಮುಖಪುಟದ ಮೇಲೆ ಗಂಡಸು. ಡಬ್ಲಿನ್ ಪಬ್ಬುಗಳ ಗೋಡೆಯಲ್ಲಿ ನೇತಾಡುವ ‘ಐರಿಷ್ ಲೇಖಕರು’ ಪೋಸ್ಟರಿನಲ್ಲೂ ಹಾಗೇ. ಹನ್ನೆರಡು ಮುಖ, ಹನ್ನೆರಡೂ ಗಂಡಸರದ್ದು. ಗ್ರೆಗರಿ ಇಲ್ಲ. 2015ರಲ್ಲಿ ಐರಿಷ್ ಟೈಮ್ಸ್ ಪತ್ರಿಕೆ ಹನ್ನೆರಡು ಲೇಖಕಿಯರ ಪೋಸ್ಟರ್ ತಂದಿತು. ಪ್ರವಾಸಿಗರ ಅಂಗಡಿಗಳಲ್ಲಿ ಟೀ ಟವೆಲ್ ಮೇಲೆ ಈಗಲೂ ಜಾಸ್ತಿ ಕಾಣುವುದು ಹಳೇ ಗಡ್ಡಗಳೇ.

ಮರೆಯುವುದು ಸುಲಭ ಅಂತ ನೀವು ತಿಳಿದಿದ್ದರೆ ಅದು ತಪ್ಪು. ಅದಕ್ಕೆ ಶ್ರಮ ಬೇಕು, ತಂಡ ಬೇಕು, ಅನುದಾನ ಬೇಕು. 1991ರಲ್ಲಿ ಫೀಲ್ಡ್ ಡೇ ಸಂಸ್ಥೆ ಐರಿಷ್ ಬರವಣಿಗೆಯ ಮಹಾಸಂಕಲನವನ್ನು ಹೊರತಂದಿತು. ಮೂರು ಸಂಪುಟ, ನಾಲ್ಕು ಸಾವಿರಕ್ಕೂ ಹೆಚ್ಚು ಪುಟ, ಸಾವಿರದೈನೂರು ವರ್ಷದ ಸಾಹಿತ್ಯ. ಪ್ರಧಾನ ಸಂಪಾದಕರು ಶೇಮಸ್ ಡೀನ್, ದೊಡ್ಡ ವಿದ್ವಾಂಸರು. ವಿಭಾಗಗಳಿಗೆಲ್ಲ ಪುರುಷ ಸಂಪಾದಕರು. ರಾಜಕೀಯ ಭಾಷಣ ಇತ್ತು, ಪತ್ರ ಇತ್ತು, ಕರಪತ್ರ ಇತ್ತು. ವಸಾಹತುಶಾಹಿ ನಮ್ಮ ದನಿ ಅಡಗಿಸಿತು ಎಂಬ ಗಂಭೀರ ಚರ್ಚೆಯೂ ಇತ್ತು. ಹೆಂಗಸರು ಮಾತ್ರ ಅಲ್ಲೊಂದು ಇಲ್ಲೊಂದು. ಎಪ್ಪತ್ತರ ದಶಕದಿಂದ ಅದೇ ಡಬ್ಲಿನ್‌ನಲ್ಲಿ ನಡೆದ ಮಹಿಳಾ ಚಳವಳಿಗೆ ಒಂದು ವಿಭಾಗವೂ ಇರಲಿಲ್ಲ. ದನಿ ಅಡಗಿಸುವುದು ಹೇಗೆ ಅಂತ ವಿವರಿಸಿದ ಪುಸ್ತಕವೇ ಅದನ್ನು ಮಾಡಿಯೂ ತೋರಿಸಿತು. ಇಷ್ಟು ಪ್ರಾಮಾಣಿಕ ಪ್ರಾತ್ಯಕ್ಷಿಕೆ ನಾನು ಬೇರೆಲ್ಲೂ ಕಂಡಿಲ್ಲ.

ಗಲಾಟೆ ಆಯಿತು. ತಪ್ಪಾಯಿತು, ಗಮನಕ್ಕೆ ಬರಲಿಲ್ಲ ಅಂತ ಸಂಪಾದಕರು ಒಪ್ಪಿಕೊಂಡರು. ಅವರು ಸುಳ್ಳು ಹೇಳಲಿಲ್ಲ ಅಂತಲೇ ನನ್ನ ನಂಬಿಕೆ. ನಿಜವಾಗಿಯೂ ಗಮನಕ್ಕೆ ಬಂದಿರಲಿಲ್ಲ. ವಿಡಂಬನೆ ಬರೆಯುವವನಿಗೆ ಇದಕ್ಕಿಂತ ಕಷ್ಟದ ಸ್ಥಿತಿ ಇನ್ನೊಂದಿಲ್ಲ. ದುಷ್ಟನಾಗಿದ್ದರೆ ಬೈಯಬಹುದಿತ್ತು.

ಪರಿಹಾರವೂ ಸಿಕ್ಕಿತು. ಮಹಿಳೆಯರಿಗಾಗಿ ಬೇರೆ ಸಂಪುಟ. ಎಂಟು ಮಂದಿ ವಿದುಷಿಯರು ಹನ್ನೊಂದು ವರ್ಷ ದುಡಿದು 2002ರಲ್ಲಿ ನಾಲ್ಕು, ಐದನೇ ಸಂಪುಟ ತಂದರು. ಎರಡೂ ಸೇರಿ ಮೂರು ಸಾವಿರ ಪುಟಕ್ಕೂ ಜಾಸ್ತಿ. ಮದುವೆಮನೆಯಲ್ಲಿ ಗಂಡಸರದ್ದು ಮೊದಲ ಪಂಕ್ತಿ ಮುಗಿದು, ಎಲೆ ಎತ್ತಿ, ಎಲ್ಲರೂ ಮಲಗಿ ಎದ್ದು ಊರಿಗೆ ಹೋದ ಮೇಲೆ ಹೆಂಗಸರಿಗೆ ಎರಡನೇ ಪಂಕ್ತಿ ಹಾಕಿದ ಹಾಗೆ. ಅಡುಗೆಯನ್ನೂ ಅವರೇ ಮಾಡಿಕೊಂಡರು. ಆಮೇಲೆ ಕೆಲವರು ಕೇಳಿದರಂತೆ, ‘ಅಬ್ಬಾ, ಇಷ್ಟೆಲ್ಲ ಇತ್ತಾ?’

ಇತ್ತು. ಎಲ್ಲಿತ್ತು ಅಂದರೆ, ಗಂಡಂದಿರ ಮತ್ತು ಅಣ್ಣನ ಮಕ್ಕಳ ಹೆಸರಿನ ಕೆಳಗೆ. ಐಲೀನ್ ದುವ್ ಎಂಬಾಕೆ 1773ರಲ್ಲಿ ಕೊಲೆಯಾದ ಗಂಡನ ಮೇಲೆ ಕಟ್ಟಿದ ಶೋಕಗೀತೆಗೆ ಆ ಶತಮಾನದ ಶ್ರೇಷ್ಠ ಕಾವ್ಯಗಳ ಸಾಲಿನಲ್ಲಿ ಜಾಗವಿದೆ. ಗಂಡನನ್ನು ಕೊಂದದ್ದು ಯಾವ ಜಗಳಕ್ಕೆ? ಕ್ಯಾಥೊಲಿಕರ ಕುದುರೆಯನ್ನು ಯಾವ ಪ್ರಾಟೆಸ್ಟಂಟ್ ಬೇಕಾದರೂ ಐದು ಪೌಂಡಿಗೆ ಕೇಳಿ ಪಡೆಯಬಹುದು ಎಂಬ ಕಾನೂನಿತ್ತು, ಆತ ತನ್ನ ಕುದುರೆ ಕೊಡಲಿಲ್ಲ. ಆ ಕುದುರೆಯ ವಿವರ ಇದೆ, ಗಂಡನ ಸಮಾಧಿ ಇದೆ, ಅಣ್ಣನ ಮಗ ಡೇನಿಯಲ್ ಓಕಾನಲ್‌ನ ಹೆಸರಿನ ಮುಖ್ಯ ರಸ್ತೆಯೇ ಡಬ್ಲಿನ್‌ನಲ್ಲಿದೆ. ಆಕೆಯನ್ನು ಎಲ್ಲಿ ಹೂತರು ಅಂತ ಗೊತ್ತಿಲ್ಲ. ಡೋರೆನ್ ನೀ ಗ್ರೀಫಾ ಎಂಬ ಕವಯಿತ್ರಿ ಮಕ್ಕಳನ್ನು ಸಂಭಾಳಿಸುತ್ತಾ ಈ ಜಾಡು ಹುಡುಕಿ 2020ರಲ್ಲಿ ಪುಸ್ತಕ ಬರೆದರು. ಸಿಕ್ಕಿದ್ದು ಬಹಳ ಮಟ್ಟಿಗೆ ಗಂಡಸರ ಪತ್ರಗಳೇ.

ನೀವು ಪಾಠ ಕಲಿತರು ಅಂದುಕೊಂಡಿರಾ? 2015ರ ಕೊನೆಗೆ ಬನ್ನಿ. ಡಬ್ಲಿನ್‌ನ ಆ್ಯಬಿ ರಂಗಮಂದಿರ, ಅಂದರೆ ರಾಷ್ಟ್ರೀಯ ರಂಗಮಂದಿರ. 1904ರಲ್ಲಿ ಬಾಗಿಲು ತೆರೆದಾಗ ಅದನ್ನು ಕಟ್ಟಿದವರಲ್ಲಿ ಇದೇ ಲೇಡಿ ಗ್ರೆಗರಿ ಒಬ್ಬರು. ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ಬಂಡಾಯದ ಶತಮಾನೋತ್ಸವಕ್ಕೆ ಅದು ಒಂದು ಕಾರ್ಯಕ್ರಮ ಪ್ರಕಟಿಸಿತು. ದೇಶವನ್ನು ಎಬ್ಬಿಸೋಣ ಎನ್ನುವುದು ಶೀರ್ಷಿಕೆ. ಹತ್ತು ನಾಟಕ. ಹೆಂಗಸು ಬರೆದದ್ದು ಒಂದು, ಅದೂ ಶಾಲಾ ಮಕ್ಕಳಿಗೆ ತೋರಿಸುವುದು. ಪ್ರಶ್ನೆ ಬಂದಾಗ ನಿರ್ದೇಶಕರು ಟ್ವೀಟ್ ಮಾಡಿ, ಹೆಂಗಸರಿಂದ ಬರೆಸಿದ ಕೆಲವು ನಾಟಕಗಳು ಕೂಡಿಬರಲಿಲ್ಲ, ಏನ್ಮಾಡೋದು, ಹಂಗಾಗೋಯ್ತು ಎನ್ನುವ ಅರ್ಥದ ಮಾತಾಡಿದರು.

ದೇಶ ಏಳಲಿಲ್ಲ, ಹೆಂಗಸರು ಎದ್ದರು. ಲಿಯನ್ ಬೆಲ್ ಎಂಬ ರಂಗವಿನ್ಯಾಸಕಿ ಶುರು ಮಾಡಿದ ಮಾತು ಕೆಲವೇ ದಿನದಲ್ಲಿ ಚಳವಳಿಯಾಯಿತು. ನವೆಂಬರ್ 12ರಂದು ಅದೇ ಆ್ಯಬಿ ಸಭಾಂಗಣ ಭರ್ತಿ. ಹೆಂಗಸರು ತಮ್ಮ ಕತೆ ಹೇಳಲು ಆ ವೇದಿಕೆ ಹತ್ತಿ ನಿಂತರು. ಟಿಕೆಟ್ ಬೇಗ ಖಾಲಿಯಾದ ಕಾರ್ಯಕ್ರಮ ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ. ನಿರ್ದೇಶಕರು ಕ್ಷಮೆ ಕೇಳಿದರು. 2017ರಲ್ಲಿ ಒಂದು ವರದಿ ಬಂತು. ಹೆಚ್ಚು ಸರ್ಕಾರಿ ಹಣ ಪಡೆಯುವ ಹತ್ತು ರಂಗಸಂಸ್ಥೆಗಳನ್ನು ನೋಡಿ ಲೆಕ್ಕ ಹಾಕಿದ್ದರು. 2006ರಿಂದ 2015ರವರೆಗೆ ನಾಟಕಕಾರರಲ್ಲಿ ಹೆಂಗಸರು ಶೇ. 28. ಇಷ್ಟಾದರೂ ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಂಡವರೂ ಇದ್ದಿರಬೇಕು.

ಅದೇ 2017. ಮರೆವಿನ ಕೆಲಸ ನಿಲ್ಲಬಾರದಲ್ಲ. ಕೇಂಬ್ರಿಜ್ ಪ್ರಕಾಶನದಿಂದ ಐರಿಷ್ ಕವಿಗಳ ಕುರಿತ ಕೈಪಿಡಿ ಬಂತು. ಮೂವತ್ತು ಕವಿಗಳು, ಅವರಲ್ಲಿ ಹೆಂಗಸರು ನಾಲ್ಕು. ಲೇಖನ ಬರೆದವರಲ್ಲೂ ಹೆಂಗಸರು ನಾಲ್ಕೇ. ಆ ನಾಡಿನಲ್ಲಿ ನಾಲ್ಕು ಅನ್ನುವುದಕ್ಕೆ ಏನೋ ಮಹಿಮೆ ಇದೆ. ಸಾಹಿತ್ಯದ ನೊಬೆಲ್ ಪಡೆದ ಐರಿಷ್ ಗಂಡಸರು ನಾಲ್ಕು, ಹಡಗು ನಾಲ್ಕು. ಟ್ರಿನಿಟಿ ಕಾಲೇಜಿನ ಹಳೇ ಗ್ರಂಥಾಲಯದ ಉದ್ದನೆಯ ಹಜಾರದಲ್ಲಿ ನಲವತ್ತು ಅಮೃತಶಿಲೆಯ ತಲೆಗಳಿದ್ದವು, ನಲವತ್ತೂ ಗಂಡಸರದ್ದು. 2023ರಲ್ಲಿ ಹೆಂಗಸರ ತಲೆ ಸೇರಿಸಿದರು. ಎಷ್ಟು? ನಾಲ್ಕು. ಅವರಲ್ಲಿ ರೋಸಲಿಂಡ್ ಫ್ರಾಂಕ್ಲಿನ್, ಏಡಾ ಲವ್‌ಲೇಸ್, ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮೂವರೂ ಇಂಗ್ಲೆಂಡಿನವರು. ಐರ್ಲೆಂಡಿನಿಂದ ಸಿಕ್ಕಿದ್ದು ಒಬ್ಬರೇ, ಮತ್ತೆ ಲೇಡಿ ಗ್ರೆಗರಿ. ಪಾಪ, ಆ ಅಜ್ಜಿಗೆ ಒಂದು ದಿನವೂ ರಜ ಇಲ್ಲ.

ಟ್ರಿನಿಟಿಯ ಬಗ್ಗೆ ಇನ್ನೊಂದು ಕತೆ ಪ್ರಸಿದ್ಧ. ಜಾರ್ಜ್ ಸ್ಯಾಮನ್ ಎಂಬ ಮುಖ್ಯಸ್ಥರು ‘ಹೆಂಗಸರು ಈ ಕಾಲೇಜಿಗೆ ಬರುವುದಾದರೆ ನನ್ನ ಹೆಣ ದಾಟಿ ಬರಲಿ’ ಅಂದಿದ್ದರಂತೆ. 1904ರ ಜನವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಹೆಂಗಸರಿಗೆ ಪ್ರವೇಶ ಸಿಕ್ಕಿತು. ಕೊಟ್ಟ ಮಾತು ಉಳಿಸಿಕೊಂಡ ಆಡಳಿತಗಾರ. ಈಗ ಅದೇ ಆವರಣದಲ್ಲಿ ಈವಾನ್ ಬೋಲಂಡ್ ಹೆಸರಿನ ಗ್ರಂಥಾಲಯವಿದೆ. ಆ ಆವರಣದಲ್ಲಿ ಹೆಣ್ಣಿನ ಹೆಸರು ಪಡೆದ ಮೊದಲ ಕಟ್ಟಡ ಅದು. ಬರ್ಕ್ಲಿ ಎಂಬ ತತ್ವಜ್ಞಾನಿ ಗುಲಾಮರನ್ನು ಇಟ್ಟುಕೊಂಡಿದ್ದ ಅಂತ ಅವನ ಹೆಸರು ತೆಗೆದ ಮೇಲೆ ಆ ಜಾಗ ಖಾಲಿಯಾಗಿತ್ತು. ಬೋಲಂಡ್ ಅದನ್ನು ನೋಡಲಿಲ್ಲ, 2020ರಲ್ಲೇ ಹೋಗಿಬಿಟ್ಟಿದ್ದರು. ಐರ್ಲೆಂಡಿನಲ್ಲಿ ಲೇಖಕಿಗೆ ಗೌರವ ಸಿಗಬೇಕಾದರೆ ಎರಡು ಸಾವು ಬೇಕು ಅಂತ ಕಾಣುತ್ತದೆ. ಒಂದು ಆಕೆಯದು, ಇನ್ನೊಂದು ಯಾವನೋ ಗಂಡಸಿನ ಮರ್ಯಾದೆಯದು.

ಮರೆಯಲು ಆಗದಷ್ಟು ಗಟ್ಟಿ ಬರೆದರೆ? ಅದಕ್ಕೆ ನಿಷೇಧ ಇತ್ತು. ಕೇಟ್ ಓಬ್ರಿಯನ್ ಅವರ 1941ರ ಕಾದಂಬರಿ ನಿಷೇಧವಾಗಿದ್ದು ಒಂದೇ ಒಂದು ವಾಕ್ಯಕ್ಕೆ. ಇಬ್ಬರು ಗಂಡಸರ ಪ್ರೀತಿಯ ಅಪ್ಪುಗೆ ಅದರಲ್ಲಿತ್ತು. ಇಡೀ ಪುಸ್ತಕದಲ್ಲಿ ಆ ಒಂದು ಸಾಲನ್ನು ಹುಡುಕಿದ ಸೆನ್ಸಾರ್ ಮಂಡಳಿಯ ಏಕಾಗ್ರತೆಗೆ ಕೈಮುಗಿಯಬೇಕು. ಅಷ್ಟು ಗಮನವಿಟ್ಟು ಲೇಖಕಿಯರನ್ನು ಓದಿದ ವಿಮರ್ಶಕರು ಆ ಕಾಲದಲ್ಲಿ ಬೇರೆ ಯಾರಿದ್ದರು? 1960ರಲ್ಲಿ ಎಡ್ನಾ ಓಬ್ರಿಯನ್ ಹಳ್ಳಿ ಹುಡುಗಿಯರಿಬ್ಬರ ಕತೆ ಬರೆದರು. ಅದೂ ನಿಷೇಧ. ಅವರ ಊರಲ್ಲೇ ಪುಸ್ತಕ ಸುಟ್ಟರು. ಆಕೆ ಲಂಡನ್‌ನಲ್ಲೇ ಉಳಿದರು. 2015ರಲ್ಲಿ ಕಲಾವಿದರಿಗೆ ಕೊಡುವ ಅತ್ಯುನ್ನತ ಮನ್ನಣೆಯನ್ನು ದೇಶ ಅವರಿಗೆ ಕೊಟ್ಟಿತು. 2024ರಲ್ಲಿ ತೀರಿಕೊಂಡಾಗ ಎಲ್ಲರೂ ಅತ್ತರು. ಸರೋವರದ ನಡುವಿನ ದ್ವೀಪದಲ್ಲಿ ಮಣ್ಣು ಮಾಡಲು ಶವವನ್ನು ದೋಣಿಯಲ್ಲಿ ಒಯ್ದರು. ಹಡಗು ಸಿಗದಿದ್ದರೂ ಒಂದು ದೋಣಿ ಸಿಕ್ಕಿತು.

ಇದೆಲ್ಲ ಹಳೇ ಕತೆ, ಈಗ ಐರಿಷ್ ಲೇಖಕಿಯರದ್ದೇ ಕಾಲ ಅಂತೀರಿ. ನಿಜ. ಆನ್ ಎನ್‌ರೈಟ್ 2007ರಲ್ಲಿ, ಆನಾ ಬರ್ನ್ಸ್ 2018ರಲ್ಲಿ ಬೂಕರ್ ಗೆದ್ದರು. ಸ್ಯಾಲಿ ರೂನಿ ಪುಸ್ತಕಕ್ಕೆ ಜಗತ್ತೇ ಸಾಲು ನಿಲ್ಲುತ್ತದೆ. ಅದಕ್ಕೇ ಹೊಸ ತೊಂದರೆ ಶುರುವಾಗಿದ್ದು. ಮೊದಲು ಇವರು ಕಾಣಿಸುತ್ತಿರಲಿಲ್ಲ. ಈಗ ಜಾಸ್ತಿಯೇ ಕಾಣಿಸುತ್ತಾರೆ, ಫೋಟೋದಲ್ಲಿ. 2019ರಲ್ಲಿ ಸ್ವಿಟ್ಜರ್ಲೆಂಡಿನ ಒಬ್ಬ ವಿಮರ್ಶಕರು ರೂನಿಯ ಚಿತ್ರ ನೋಡಿ, ಬೆಚ್ಚಿದ ಜಿಂಕೆ, ಮಾದಕ ತುಟಿ ಅಂತೆಲ್ಲ ಬರೆದರು. ಕಾದಂಬರಿಯ ವಿಮರ್ಶೆಯಲ್ಲಿ! ಅಲ್ಲಿನ ಹೆಂಗಸರು ಸುಮ್ನೆ ಕೂರಲಿಲ್ಲ. ಹ್ಯಾಷ್‌ಟ್ಯಾಗ್ ಹಾಕಿ, ಮಹಾನ್ ಲೇಖಕರನ್ನೆಲ್ಲ ಅದೇ ಧಾಟಿಯಲ್ಲಿ ವರ್ಣಿಸಿದರು. ನನ್ನದೂ ಒಂದೆರಡು ಇರಲಿ. ‘ಜಾಯ್ಸ್ ದಪ್ಪ ಕನ್ನಡಕದ ಹಿಂದಿನಿಂದ ನಾಚುತ್ತಾ ನೋಡುತ್ತಾರೆ. ತೆಳ್ಳಗಿನ ಸೊಂಟ. ಇಬ್ಬರು ಮಕ್ಕಳಿದ್ದೂ ಇಷ್ಟು ದಪ್ಪ ಪುಸ್ತಕ ಬರೆಯಲು ಸಮಯ ಹೇಗೆ ಹೊಂದಿಸಿದರೋ!’ ‘ಬೆಕೆಟ್ ಅವರ ಕೆನ್ನೆಯ ಗೆರೆಗಳು ಮೋಹಕ. ಸ್ವಲ್ಪ ನಕ್ಕಿದ್ದರೆ ನಾಟಕ ಇನ್ನೂ ಚೆನ್ನಾಗಿರುತ್ತಿತ್ತು.’

ರೂನಿ ಗೆದ್ದ ಮೇಲೆ ಇಪ್ಪತ್ತರಿಂದ ನಲವತ್ತರೊಳಗಿನ ಯಾವ ಐರಿಷ್ ಹುಡುಗಿ ಪುಸ್ತಕ ಬರೆದರೂ ‘ಮುಂದಿನ ಸ್ಯಾಲಿ ರೂನಿ’. ಕೊಲೆಯ ಕತೆ ಬರೆದರೂ ಅಷ್ಟೇ, ಕುರಿ ಸಾಕಣೆ ಬಗ್ಗೆ ಬರೆದರೂ ಅಷ್ಟೇ. ‘ಮುಂದಿನ ಜಾಯ್ಸ್’ ಅಂದರೆ ಭಾಷೆಯನ್ನು ಮುರಿದು ಕಟ್ಟಿದವನು. ‘ಮುಂದಿನ ರೂನಿ’ ಅಂದರೆ ವಯಸ್ಸು, ಊರು ಮತ್ತು ಕೂದಲಿನ ಕಟಿಂಗ್.

ಇಷ್ಟರ ನಡುವೆ ಡಬ್ಲಿನ್‌ನಲ್ಲಿ 2014ರಲ್ಲಿ ಟ್ರ್ಯಾಂಪ್ ಪ್ರೆಸ್ ಅಂತ ಒಂದು ಪ್ರಕಾಶನ ಶುರುವಾಯಿತು. ನಡೆಸುವವರು ಸಾರಾ ಡೇವಿಸ್-ಗಾಫ್ ಮತ್ತು ಲೀಸಾ ಕೋಯನ್, ಇಬ್ಬರೂ ಹೆಂಗಸರು. ಹಸ್ತಪ್ರತಿ ಕಳಿಸುವವರ ಪತ್ರ ಹೇಗೆ ಶುರುವಾಗುತ್ತಿತ್ತು ಗೊತ್ತಾ? ‘ಮಾನ್ಯ ಮಹನೀಯರೇ’ ಅಂತ. ಜೊತೆಗೆ ತಾವು ಮೆಚ್ಚುವ ಲೇಖಕರ ಪಟ್ಟಿ, ಅದರಲ್ಲಿ ಒಬ್ಬ ಹೆಂಗಸೂ ಇಲ್ಲ. 2017ರಲ್ಲಿ ಅವರು ಇಂಥ ಪತ್ರಗಳನ್ನು ಓದುವುದಿಲ್ಲ ಅಂತ ಸಾರಿಬಿಟ್ಟರು. ಎಷ್ಟೋ ಪ್ರತಿಭೆಗಳು ಆ ದಿನದಿಂದ ತುಳಿತಕ್ಕೊಳಗಾಗಿರಬೇಕು. ಪ್ರಕಾಶಕರ ಹೆಸರು ಓದುವಂಥ ಕಠಿಣ ಷರತ್ತು ಹಾಕಿದರೆ ಸಾಹಿತ್ಯ ಬೆಳೆಯೋದು ಹೇಗೆ?

ನಾವು ಇಲ್ಲಿ ಕೂತು ಜಾಸ್ತಿ ನಗುವ ಹಾಗಿಲ್ಲ. ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿನಲ್ಲಿ ಯುವಕ ಪುಟ್ಟಪ್ಪನವರ ಇಂಗ್ಲಿಷ್ ಪದ್ಯ ನೋಡಿ, ‘ನಿಮ್ಮ ಭಾಷೆಯಲ್ಲಿ ಬರೆಯಿರಿ’ ಅಂದದ್ದು ಇಲ್ಲಿ ಓದಿದವರಿಗೆಲ್ಲ ಗೊತ್ತು. ಆತನ ಹೆಂಡತಿ ಮಾರ್ಗರೆಟ್ ಕಸಿನ್ಸ್? ಐರ್ಲೆಂಡಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಸಂಘ ಕಟ್ಟಿದವರು. ಡಬ್ಲಿನ್ ಕೋಟೆಯ ಕಿಟಕಿ ಗಾಜು ಒಡೆದು 1913ರಲ್ಲಿ ಜೈಲಿಗೆ ಹೋದವರು. ಇಲ್ಲಿಗೆ ಬಂದ ಮೇಲೆ ಅಖಿಲ ಭಾರತ ಮಹಿಳಾ ಸಮ್ಮೇಳನ ಕಟ್ಟಲು ಮುಂದೆ ನಿಂತವರು. ಮದನಪಲ್ಲಿಯಲ್ಲಿ 1919ರಲ್ಲಿ ಜನಗಣಮನದ ರಾಗಕ್ಕೆ ಸ್ವರ ಬರೆದಿಟ್ಟವರೂ ಅವರೇ. ನಮ್ಮ ಪಾಠಗಳಲ್ಲಿ ಬಂದದ್ದು ಗಂಡನ ಒಂದು ವಾಕ್ಯ. ಹಾಗೇ ನಮ್ಮ ಶಾಲೆಯ ಗೋಡೆ ಮೇಲಿನ ಜ್ಞಾನಪೀಠದ ಎಂಟು ಫೋಟೋಗಳನ್ನು ಒಮ್ಮೆ ಎಣಿಸಿ... ಬೇಡ ಬಿಡಿ, ಇವತ್ತಿನ ವಿಷಯ ಐರ್ಲೆಂಡ್.

ನೌಕಾಪಡೆಗೆ ಬುದ್ಧಿ ಬಂದಿದೆ ಅಂತಲೂ ಹೇಳಬೇಕು. ನ್ಯೂಜಿಲೆಂಡಿನಿಂದ ಹಳೇ ಹಡಗು ಎರಡು ಕೊಂಡರು. ಹೆಸರು ಈವಿನ್ ಮತ್ತು ಗೊಬ್ನಿತ್. ಗೊಬ್ನಿತ್ ಜೇನುಹುಳುಗಳನ್ನು ಕಾಯುವ ಸಂತಳು. ಇಬ್ಬರೂ ಹೆಂಗಸರೇ, ಇಬ್ಬರೂ ತುಂಬಾ ಹಳಬರು, ಇಬ್ಬರೂ ಕಾದಂಬರಿ ಬರೆದಿಲ್ಲ. ಹಡಗುಗಳು ಸೆಕೆಂಡ್ ಹ್ಯಾಂಡ್, ಗಂಡಸರ ಹಡಗುಗಳಿಗಿಂತ ಬಹಳ ಚಿಕ್ಕವು.

ಹಾಗಾದರೆ ಲೇಖಕಿಯರು ಮಾಡಬೇಕಾದ್ದೇನು? ನಾನು ಕೂತು ಯೋಚಿಸಿದ್ದೇನೆ. 2023ರ ಬೂಕರ್ ಉದ್ದ ಪಟ್ಟಿಯಲ್ಲಿ ಐರಿಷ್ ಹೆಸರು ನಾಲ್ಕು. ಹೌದು, ಮತ್ತೆ ನಾಲ್ಕು. ಸೆಬಾಸ್ಟಿಯನ್ ಬ್ಯಾರಿ, ಇಲೇನ್ ಫೀನಿ, ಪಾಲ್ ಲಿಂಚ್, ಪಾಲ್ ಮರ್ರಿ. ಕೊನೆಯ ಆರರ ಪಟ್ಟಿ ಬಂದಾಗ ಬ್ಯಾರಿ ಇಲ್ಲ, ಫೀನಿ ಇಲ್ಲ, ಪಾಲ್‌ಗಳಿಬ್ಬರೂ ಇದ್ದಾರೆ. ಸಾಲದ್ದಕ್ಕೆ ಅಮೆರಿಕದಿಂದ ಪಾಲ್ ಹಾರ್ಡಿಂಗ್. ಆರರಲ್ಲಿ ಹೆಂಗಸರು ಇಬ್ಬರು, ಪಾಲ್‌ಗಳು ಮೂವರು. ಗೆದ್ದವರು ಪಾಲ್ ಲಿಂಚ್. ಪಾಲ್ ಆದವರಿಗೇ ಪಾಲು. ಐರ್ಲೆಂಡಿನ ಕಾವ್ಯಪೀಠವನ್ನು ನೋಡಿ, 2004ರಲ್ಲಿ ಪಾಲ್ ಡರ್ಕನ್, 2022ರಲ್ಲಿ ಪಾಲ್ ಮಲ್ಡೂನ್. ದಾರಿ ಸ್ಪಷ್ಟವಾಗಿದೆ. ಗಂಡಸಿನ ಹೆಸರಿಟ್ಟುಕೊಂಡು ಬರೆಯುವುದು ಹತ್ತೊಂಬತ್ತನೇ ಶತಮಾನದಲ್ಲೇ ರೂಢಿಯಲ್ಲಿತ್ತು, ನಾಚಿಕೆ ಪಡುವಂಥದ್ದಲ್ಲ. ಜಾರ್ಜ್, ಜಾನ್ ಎಲ್ಲ ಹಳೇ ಫ್ಯಾಷನ್. ಅರ್ಜಿಯಲ್ಲಿ ಪಾಲ್ ಅಂತ ಬರೆದರೆ ಸಾಕು.

ಅಷ್ಟು ಪೂರ್ತಿ ಬದಲಾಯಿಸಿಕೊಳ್ಳಲು ಮನಸ್ಸಿಲ್ಲ ಎನ್ನುವವರಿಗೂ ಆಸೆ ಇದೆ. 2013ರಲ್ಲಿ ಅದೇ ಕಾವ್ಯಪೀಠ ಡಬ್ಲಿನ್‌ನ ಒಬ್ಬ ಒಳ್ಳೆಯ ಕವಯಿತ್ರಿಗೆ ಸಿಕ್ಕಿತು. ಅವರ ಹೆಸರು ಪಾಲಾ ಮೀಹನ್.